ನಮ್ಮ ಸೇವಾ ಪುಸ್ತಕವನ್ನು ನಮಗೊಮ್ಮೆ ತೋರಿಸಿ

ಮೇ ತಿಂಗಳು ಬಂತೆಂದರೆ ನನಗೆ ಈಗಲೂ ಒಂಥರಾ ಸಂಕಟ. ನಾನೇ ನಿವೃತ್ತಳಾಗಿ ಎರಡು ವರ್ಷ ಆಯ್ತು. ಆದರೂ ಮೇ 31 ಅನ್ನೋ ತಾರೀಖು ನನ್ನನ್ನು ಬಿಟ್ಟಿಲ್ಲ.

ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ 29 ವರ್ಷ ಕೆಲಸ ಮಾಡಿದವಳು ನಾನು. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿದೆ, ಅಧೀಕ್ಷಕಿಯಾಗಿ ಹೊರಬಂದೆ. ನೇಮಕಾತಿ ಆದೇಶ, ಇನ್‌ಕ್ರಿಮೆಂಟ್, ರಜೆ, ಬಡ್ತಿ, ನಿವೃತ್ತಿ, ಇವೆಲ್ಲ ನಮ್ಮ ಸೆಕ್ಷನ್ನಿನ ಕೆಲಸ. ಈಗಿನವರು ಎಚ್‌ಆರ್ ಅಂತಾರೆ. ನಮ್ಮಲ್ಲಿ ಎಸ್ಟಾಬ್ಲಿಷ್‌ಮೆಂಟ್ ಅಂತಲೇ ರೂಢಿ.

ಮೇ 31 ಯಾಕೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗೆಲ್ಲ ಹಳ್ಳಿಗಳಲ್ಲಿ ಮಗು ಹುಟ್ಟಿದ ದಿನ ಬರೆದಿಡುವವರು ಕಡಿಮೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಜೂನ್ 1ರವರೆಲ್ಲ ಮೇ 31ಕ್ಕೆ ಹೊರಡುತ್ತಾರೆ. ಒಂದೇ ಸಂಜೆ ಏಳೆಂಟು ಜನರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಒಳ್ಳೆ ಮಾತು. ಮುಂದಿನ ವಾರದಿಂದ ಅದೇ ಜನ ನಮ್ಮ ಸೆಕ್ಷನ್ ಬಾಗಿಲಲ್ಲಿ ನಿಂತಿರುತ್ತಿದ್ದರು. "ನನ್ನ ಫೈಲ್ ಎಲ್ಲಿಗೆ ಬಂತು ಮೇಡಂ?"

ಅವರಲ್ಲಿ ಒಬ್ಬರ ಕಥೆ ಹೇಳಬೇಕು. ಗುರುತು ಸಿಗದಿರಲಿ ಅಂತ ಗೌರಮ್ಮ ಎಂದು ಕರೆಯುತ್ತೇನೆ. ಮಹಿಳಾ ಹಾಸ್ಟೆಲಿನಲ್ಲಿ ಗುಡಿಸಿ ಸಾರಿಸುವ ಕೆಲಸ. ದಿನಗೂಲಿಯಲ್ಲಿ ಸೇರಿ ಆಮೇಲೆ ಕಾಯಂ ಆದವರು. ಕಾಯಂ ಆದ ಮೇಲೆ 27 ವರ್ಷ ಸೇವೆ. ನಿವೃತ್ತಿಯ ಕಡತಕ್ಕೆ ಅಂತ ಅವರ ಸೇವಾ ಪುಸ್ತಕ, ಅಂದರೆ ನೌಕರಿಯ ಪೂರ್ತಿ ದಾಖಲೆ ಇರುವ ಪುಸ್ತಕ, ತೆಗೆದರೆ ಮೊದಲ ಪುಟದಲ್ಲಿ 'ಗೌರಮ್ಮ', ಆಧಾರ್ ಮತ್ತು ಬ್ಯಾಂಕಿನಲ್ಲಿ 'ಗೌರಿ'. ನಾಮನಿರ್ದೇಶನದಲ್ಲಿ (ನಾಮಿನಿ ಅಂತ) ಗಂಡನ ಹೆಸರು. ಆತ ತೀರಿಕೊಂಡು ಆಗಲೇ 11 ವರ್ಷ. ಮಧ್ಯೆ ಒಂದು ವರ್ಷದ ಸೇವಾ ಪರಿಶೀಲನೆಯ ಷರಾ ಇಲ್ಲ, ಸಹಿಯೂ ಇಲ್ಲ. ಆ ವರ್ಷ ಅವರು ಕೆಲಸಕ್ಕೆ ಬಂದಿದ್ದರೇ, ಗೈರು ಹಾಜರಿದ್ದರೇ? ಹಾಸ್ಟೆಲಿನ ಹಳೇ ಹಾಜರಿ ಪುಸ್ತಕ ಹುಡುಕಬೇಕು. ಅದನ್ನು ಗೆದ್ದಲು ತಿಂದಿತ್ತು.

ನಾನು ಕೇಳಿದೆ, "ಗೌರಮ್ಮ, ಇದನ್ನ ನೀವು ಮುಂಚೆನೇ ಯಾಕೆ ಹೇಳ್ಲಿಲ್ಲ?"

"ಅದ್ರಲ್ಲಿ ಏನ್ ಬರ್ದೈತೆ ಅಂತ ನಂಗೆ ಯಾರ್ ಹೇಳ್ತಾರೆ ಮೇಡಮ್ಮಾರೆ? ನಾನು ಆ ಬುಕ್ಕು ನೋಡ್ತಿರೋದು ಇವತ್ತೇ."

ಅವರ ಹೆಸರಿನ ಪುಸ್ತಕ. ಅವರ ಎತ್ತರ, ಮೈಮೇಲಿನ ಮಚ್ಚೆ, ಬೆರಳಚ್ಚು, ತಗೊಂಡ ಒಂದೊಂದು ರಜೆ, ಏರಿದ ಒಂದೊಂದು ಸಂಬಳ, ಎಲ್ಲ ಅದರಲ್ಲಿದೆ. 27 ವರ್ಷದಲ್ಲಿ ಅದನ್ನು ಒಂದು ಸಲವೂ ಅವರ ಕೈಗೆ ಕೊಟ್ಟಿರಲಿಲ್ಲ. ಆ 27ರಲ್ಲಿ ಬಹಳಷ್ಟು ವರ್ಷ ಅದೇ ಸೆಕ್ಷನ್ನಿನಲ್ಲಿ ಕೂತಿದ್ದವಳು ನಾನು. ಆ ದಿನ ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಪಿಂಚಣಿ ಶುರುವಾಗಲು ಎಂಟು ತಿಂಗಳು ಹಿಡಿಯಿತು. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಹಾಸ್ಟೆಲಿನಿಂದ ದೃಢೀಕರಣ, ಲೆಕ್ಕಪತ್ರ ವಿಭಾಗದ ಆಕ್ಷೇಪಣೆ, ಅದಕ್ಕೆ ಉತ್ತರ, ಮತ್ತೆ ಆಕ್ಷೇಪಣೆ. ಆ ಎಂಟು ತಿಂಗಳು ಅವರು ಒಂದು ಮನೆಯಲ್ಲಿ ಪಾತ್ರೆ ತೊಳೆದರು ಅಂತ ಆಮೇಲೆ ಗೊತ್ತಾಯ್ತು.

ನಾನು ಹೇಳಬೇಕಾದ್ದು ಇಷ್ಟೇ. ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಅವರ ಸೇವಾ ಪುಸ್ತಕ ತೋರಿಸಿ, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಅವರಿಗೆ ಸಂಬಂಧಪಟ್ಟ ಹೊಸ ಆದೇಶ ಬಂದರೆ ಅವರಿಗೆ ಅರ್ಥವಾಗುವ ಹಾಗೆ ಮುಟ್ಟಿಸಿ. ಇದು ಉಪಕಾರ ಅಲ್ಲ, ಸೆಕ್ಷನ್ನಿನ ಕೆಲಸವೇ ಇದು. ಉಳಿದ ಟಿಪ್ಪಣಿ, ಕಡತ, ಜಾವಕ (ಹೊರಹೋಗುವ ಪತ್ರದ) ನಂಬರು ಎಲ್ಲ ಇದರ ನಂತರ.

ಹೊತ್ತಿಗೆ ಸರಿಯಾಗಿ ತಪ್ಪು ಸಿಕ್ಕಿದರೆ ಅರ್ಧ ಗಂಟೆಯ ಕೆಲಸ. ತಡವಾದರೆ ಕೈಮೀರಿ ಹೋಗುತ್ತದೆ. ಜನ್ಮದಿನಾಂಕವನ್ನೇ ತಗೊಳ್ಳಿ. ರಾಜ್ಯ ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ 1974ರ ಕಾಯ್ದೆ ಇದೆ. ಸೇವಾ ಪುಸ್ತಕದಲ್ಲಿ ದಿನಾಂಕ ದಾಖಲಾದ ಮೂರು ವರ್ಷದ ಒಳಗೆ ತಿದ್ದುಪಡಿ ಕೇಳಬೇಕು. ಆಮೇಲೆ ಕೇಳಿದರೆ ಬಾಗಿಲು ಮುಚ್ಚಿದ ಹಾಗೆಯೇ. ಮೂರು ವರ್ಷದಲ್ಲಿ ಒಮ್ಮೆಯೂ ಪುಸ್ತಕ ನೋಡದವರಿಗೆ ತಪ್ಪಿದೆ ಅಂತ ತಿಳಿಯುವುದಾದರೂ ಹೇಗೆ?

ಇನ್ನು ಈ ಪುಸ್ತಕಗಳು ಒಂದೇ ಬೀರುವಿನಲ್ಲಿ ಇರುವುದಿಲ್ಲ, ಊರೂರು ತಿರುಗುತ್ತವೆ. ಮಂಗಳಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಗುಲ್ಬರ್ಗಾ ವಿಶ್ವವಿದ್ಯಾಲಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಪೇಪರಿನಲ್ಲಿ ಕಾಲೇಜುಗಳ ಹಂಚಿಕೆ ಬಗ್ಗೆ ಬರುತ್ತದೆ. ಆದರೆ ಹೀಗೆ ಬೇರೆಯಾದಾಗೆಲ್ಲ ಯಾರೋ ಒಬ್ಬ ಅಟೆಂಡರ್, ಯಾರೋ ಒಬ್ಬ ಟೈಪಿಸ್ಟ್ ಒಂದು ಕಡೆ ಸೇರಿ ಇನ್ನೊಂದು ಕಡೆ ನಿವೃತ್ತರಾಗುತ್ತಾರೆ. ಹಳೇ ಕಡೆಯ ರಜೆ ಲೆಕ್ಕ ಹೊಸ ಕಡೆಗೆ ಬಂತಾ, ಎಲ್‌ಪಿಸಿ (ಕೊನೆಯ ಸಂಬಳದ ಪ್ರಮಾಣಪತ್ರ) ಬಂತಾ, ಪುಸ್ತಕದ ಹಾಳೆಗಳೆಲ್ಲ ಇದ್ದಾವಾ, ಇದನ್ನು ಆಗಲೇ ನೋಡಿಕೊಳ್ಳಬೇಕು. 20 ವರ್ಷ ಆದ ಮೇಲೆ ಕೇಳಿದರೆ ಆ ಕಡೆಯವರು ಈ ಕಡೆ ಕೈ ತೋರಿಸುತ್ತಾರೆ, ಈ ಕಡೆಯವರು ಆ ಕಡೆ.

ಈಗ ಸುತ್ತೋಲೆಯ ವಿಷಯ. ಇದು ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ.

2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ ಕೊಟ್ಟಿತು. ಇಡೀ ಸೇವೆಯಲ್ಲಿ 180 ದಿನ. ಎಂಥ ಒಳ್ಳೆ ಆದೇಶ ಅದು! ಮಗುವಿಗೆ ಜ್ವರ ಬಂದಾಗ, ಪರೀಕ್ಷೆ ಇದ್ದಾಗ ಅಮ್ಮಂದಿರು ಗಳಿಕೆ ರಜೆ ಸುರಿದು ಕಳೆದುಕೊಳ್ಳುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ನಮ್ಮಲ್ಲಿಗೆ ಆದೇಶದ ಪ್ರತಿ ಬಂತು. ಟಪಾಲಿನಲ್ಲಿ ಸೀಲು ಬಿತ್ತು, ಕಡತಕ್ಕೆ ಸೇರಿತು, ಎಲ್ಲ ವಿಭಾಗಗಳಿಗೆ ಇಮೇಲ್ ಹೋಯಿತು. ನಿಯಮದ ಪ್ರಕಾರ ಎಲ್ಲ ಆಯ್ತು. ವಿಜ್ಞಾನ ವಿಭಾಗವೊಂದರ ಪ್ರಯೋಗಾಲಯದ ಸಹಾಯಕಿಯೊಬ್ಬರು ಅದಾಗಿ ಎಷ್ಟೋ ತಿಂಗಳ ನಂತರ ಸಂಬಳವಿಲ್ಲದ ರಜೆಗೆ ಅರ್ಜಿ ಹಿಡಿದು ನನ್ನ ಟೇಬಲಿಗೆ ಬಂದರು. ಮಗನಿಗೆ ಕಾಲಿನ ಶಸ್ತ್ರಚಿಕಿತ್ಸೆ. ಗಳಿಕೆ ರಜೆ ಮುಗಿದಿತ್ತು. "ನಿಮಗೆ ಬೇರೆ ರಜೆ ಇದೆಯಲ್ಲಮ್ಮ" ಅಂದಾಗ ಅವರು ನನ್ನನ್ನೇ ನೋಡುತ್ತ ನಿಂತರು. ಇಮೇಲ್ ವಿಭಾಗದ ಮುಖ್ಯಸ್ಥರ ಡಬ್ಬಿಯಲ್ಲೇ ಇತ್ತು. ಕೆಳಗೆ ಇಳಿದಿರಲಿಲ್ಲ. ಅವರು ಆ ಅರ್ಜಿಯನ್ನು ಮುಖ್ಯಸ್ಥರಿಗೆ ಕೊಟ್ಟು ಸುಮ್ನೆ ಮನೆಗೆ ಹೋಗಿದ್ದರೆ ಎರಡು ತಿಂಗಳ ಸಂಬಳ ಹೋಗುತ್ತಿತ್ತು.

ಇಂಥದ್ದೇ ಇನ್ನೊಂದು ಅನುಕಂಪದ ನೇಮಕಾತಿ. ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ ಮನೆಯವರು ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. 2021ರ ತಿದ್ದುಪಡಿಯ ನಂತರ ಮದುವೆಯಾದ ಹೆಣ್ಣುಮಕ್ಕಳೂ ಕೇಳಬಹುದು. ಗಂಡ ಸತ್ತ ದುಃಖದಲ್ಲಿರುವ ಹೆಂಗಸಿಗೆ ಕ್ಯಾಲೆಂಡರ್ ನೋಡುವ ಶಕ್ತಿ ಎಲ್ಲಿರುತ್ತದೆ? ನಮ್ಮಲ್ಲಿಗೆ ಒಬ್ಬರು 14ನೇ ತಿಂಗಳಲ್ಲಿ ಬಂದರು. ಆ ಅರ್ಜಿಯ ಮೇಲೆ 'ಅವಧಿ ಮೀರಿದೆ' ಅಂತ ಷರಾ ಬರೆದ ಕೈ ನನ್ನದೇ. ಸಂತಾಪ ಸೂಚಕ ಸಭೆ ಮಾಡಿ, ಒಂದು ನಿಮಿಷ ಮೌನ ಆಚರಿಸಿ, ಹೂವಿನ ಹಾರ ಕಳಿಸುತ್ತೇವೆ. ಅದರ ಜೊತೆಗೆ ಒಂದು ಹಾಳೆ ಕಳಿಸಬಹುದಿತ್ತು. ಕುಟುಂಬ ಪಿಂಚಣಿಗೆ ಏನು ಬೇಕು, ಕೆಜಿಐಡಿ (ಸರ್ಕಾರಿ ವಿಮೆ) ಇದ್ದರೆ ಯಾರನ್ನು ಕೇಳಬೇಕು, ಕೆಲಸ ಬೇಕಿದ್ದರೆ ಯಾವ ತಾರೀಖಿನ ಒಳಗೆ ಅರ್ಜಿ ಹಾಕಬೇಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕೆಳಗೆ ವಿಷಯ ನಿರ್ವಾಹಕರ (ಆ ಕಡತ ನೋಡುವ ಗುಮಾಸ್ತರ) ಹೆಸರು, ಫೋನ್ ನಂಬರು. ಅಷ್ಟೇ.

ಸುತ್ತೋಲೆಯ ಭಾಷೆ ಬಗ್ಗೆಯೂ ಒಂದು ಮಾತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಆದೇಶದಲ್ಲಿನ ನಿರ್ದೇಶನಗಳನ್ವಯ' ಅಂತ ಶುರುವಾದರೆ ಹಾಸ್ಟೆಲ್ ಅಡುಗೆಯವರು ಎರಡನೇ ಸಾಲಿಗೆ ಹೋಗುವುದಿಲ್ಲ. ಕಡತದಲ್ಲಿ ಆ ಭಾಷೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗೋಡೆಗೆ ಅಂಟಿಸುವ ಹಾಳೆಯಲ್ಲಿ 'ನಿಮಗೆ ಈ ರಜೆ ಇದೆ, ಹೀಗೆ ಕೇಳಿ' ಅಂತ ಬರೆಯಲಿ. ಆ ಗೋಡೆಯೂ ಆಡಳಿತ ಭವನದ್ದೇ ಆಗಬೇಕಿಲ್ಲ. ಹಾಸ್ಟೆಲ್ ಅಡುಗೆಮನೆ, ತೋಟದ ಶೆಡ್, ಗ್ರಂಥಾಲಯದ ಹಿಂಬಾಗಿಲು, ಜನ ಎಲ್ಲಿ ಊಟದ ಡಬ್ಬಿ ಇಡುತ್ತಾರೋ ಅಲ್ಲಿ ಅಂಟಿಸಿ.

ಹೊರಗುತ್ತಿಗೆಯವರ ವಿಷಯ ಬಂದರೆ ಸೆಕ್ಷನ್ನಿನಲ್ಲಿ ಒಂದೇ ಉತ್ತರ: "ಅವರು ನಮ್ಮವರಲ್ಲ, ಏಜೆನ್ಸಿಯವರು." ನಾನೂ ಆ ಉತ್ತರ ಕೊಟ್ಟಿದ್ದೇನೆ. ಅದು ತಪ್ಪು ಅಂತ ಈಗ ಹೇಳುತ್ತೇನೆ. ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತದೆ, ಆದರೆ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ ಅದೇ ಮನುಷ್ಯ. ಹಳೇ ಏಜೆನ್ಸಿ ಅವರ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕದೆ ಹೋಗಿರುತ್ತದೆ, ಹಣ ಹೊಸ ಖಾತೆಗೆ ಬರುವುದಿಲ್ಲ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಆನ್‌ಲೈನಿನಲ್ಲಿ ತಾವೇ ಹಾಕಿಕೊಳ್ಳಬಹುದು. ಇದನ್ನು ಅವರಿಗೆ ಹೇಳಿಕೊಡಲು ಯಾವ ಆದೇಶ ಬೇಕು? ಅತಿಥಿ ಉಪನ್ಯಾಸಕರದ್ದೂ ಇಂಥದ್ದೇ ಪಾಡು. ಹತ್ತು ವರ್ಷ ಪಾಠ ಮಾಡಿದವರು ಅನುಭವ ಪ್ರಮಾಣಪತ್ರಕ್ಕೆ ಮೂರು ಸಲ ಅಲೆಯಬಾರದು.

ಸೆಕ್ಷನ್ನಿನವರ ಕಷ್ಟ ನನಗೆ ಗೊತ್ತಿಲ್ಲವಾ? ನಾನು ಸೇರಿದಾಗ ಎಂಟು ಜನ ಮಾಡುತ್ತಿದ್ದ ಕೆಲಸವನ್ನು ನಾನು ಬಿಡುವಾಗ ಮೂವರು ಮಾಡುತ್ತಿದ್ದರು. ಖಾಲಿ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬೇಗ ಬರುವುದಿಲ್ಲ. ಹಳೇ ವಿಶ್ವವಿದ್ಯಾಲಯಗಳಿಗೆ ಪಿಂಚಣಿ ಹಣ ಹೊಂದಿಸುವುದೇ ದೊಡ್ಡ ತಲೆನೋವು. ಕಂಪ್ಯೂಟರ್ ಬಂದಿದೆ ನಿಜ. ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆಗೆ ಯುಯುಸಿಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆ ಬಂತು, ಮಕ್ಕಳು ಮೊಬೈಲಿನಲ್ಲೇ ಅಂಕ ನೋಡುತ್ತಾರೆ. ನನ್ನ ಸೆಕ್ಷನ್ನಿನ ಸೇವಾ ಪುಸ್ತಕಗಳು ಮಾತ್ರ ನಾನು ಬಿಡುವ ದಿನವೂ ಹಸಿರು ಬಟ್ಟೆಯಲ್ಲಿ ಕಟ್ಟಿ ಕಬ್ಬಿಣದ ಬೀರುವಿನಲ್ಲೇ ಇದ್ದವು. ಸ್ಕ್ಯಾನ್ ಆಗಲಿ, ಆಗಲೇಬೇಕು. ಆದರೆ ತಪ್ಪು ಇರುವ ಪುಟವನ್ನು ಸ್ಕ್ಯಾನ್ ಮಾಡಿದರೆ ಆ ತಪ್ಪು ಕಂಪ್ಯೂಟರಿಗೂ ಹೋಗುತ್ತದೆ. ಮೊದಲು ಆ ಮನುಷ್ಯರನ್ನು ಕರೆದು ತೋರಿಸಿ, ಆಮೇಲೆ ಸ್ಕ್ಯಾನ್ ಮಾಡಿ.

ಆಗುತ್ತದಾ ಅಂತ ಕೇಳುವವರಿಗೆ ಹೇಳುತ್ತೇನೆ, ಆಗುತ್ತದೆ. ಗೌರಮ್ಮ ನಿವೃತ್ತರಾದ ಮೇಲೆ ನಾನು ಮತ್ತು ನಮ್ಮ ಒಬ್ಬ ವಿಷಯ ನಿರ್ವಾಹಕರು ಪ್ರತಿ ಶುಕ್ರವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಇದನ್ನೇ ಮಾಡಿದೆವು. ಸಹಾಯಕ ಕುಲಸಚಿವರು ಒಂದೇ ಮಾತಿಗೆ ಒಪ್ಪಿಗೆ ಕೊಟ್ಟರು. ಒಂದು ವಾರಕ್ಕೆ ಒಂದು ವಿಭಾಗ. ಫೋನ್ ಮಾಡಿ ಕರೆಯುವುದು, ಎದುರಿಗೆ ಕೂರಿಸಿ ಪುಟ ಪುಟ ಓದುವುದು. ಒಬ್ಬರಿಗೆ ಹತ್ತು ಹದಿನೈದು ನಿಮಿಷ. ಪ್ರೊಫೆಸರೊಬ್ಬರು ಹೊರದೇಶಕ್ಕೆ ಹೋಗಿದ್ದ ಆರು ತಿಂಗಳು ಪುಸ್ತಕದಲ್ಲಿ ಎಲ್ಲೂ ದಾಖಲಾಗಿರಲಿಲ್ಲ. ಆದೇಶದ ಪ್ರತಿ ಅವರ ಮನೆಯಲ್ಲೇ ಇತ್ತು, ಸೋಮವಾರ ತಂದುಕೊಟ್ಟರು, ಮುಗಿಯಿತು. ಅದೇ ನಿವೃತ್ತಿಯ ಹೊತ್ತಿಗೆ ಸಿಕ್ಕಿದ್ದರೆ ಅವರೂ ಗೌರಮ್ಮನ ಹಾಗೆ ಮೆಟ್ಟಿಲು ಹತ್ತಬೇಕಿತ್ತು. ನಾಮನಿರ್ದೇಶನ ಬದಲಿಸಿದವರಂತೂ ಬಹಳ ಜನ. ಮದುವೆಗೆ ಮುಂಚೆ ಅಪ್ಪನ ಹೆಸರು ಬರೆದವರು ಹಾಗೇ ಬಿಟ್ಟಿದ್ದರು.

ತೋಟದ ವಿಭಾಗದ ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಮಾಲಿ ಬಂದರು. ಕೈಯಲ್ಲಿ ಮಣ್ಣಿತ್ತು, ಬಾಗಿಲಲ್ಲೇ ನಿಂತು ಪಂಚೆಗೆ ಒರೆಸಿಕೊಂಡರು. "ಬನ್ನಿ, ಕೂತ್ಕೊಳಿ" ಅಂದರೂ ಕುರ್ಚಿಯ ತುದಿಯಲ್ಲೇ ಕೂತರು. ಮೊದಲ ಪುಟದ ಫೋಟೋದಲ್ಲಿ ಕಪ್ಪು ಕೂದಲಿನ ಹುಡುಗ. ಅವರು ಅದನ್ನು ತುಂಬ ಹೊತ್ತು ನೋಡಿದರು. ನಾನು ಓದುತ್ತ ಹೋದೆ. ಸೇರಿದ್ದು 1993, ಕಾಯಂ ಆದದ್ದು, ಕಾಲು ಮುರಿದು ರಜೆ ಹಾಕಿದ್ದು, ಕಾಲಮಿತಿ ಬಡ್ತಿ. ಒಂದೊಂದಕ್ಕೂ "ಹೌದು, ಹೌದು" ಅಂತ ತಲೆಯಾಡಿಸಿದರು. ಕೊನೆಗೆ "ಇಷ್ಟೆಲ್ಲ ಬರ್ದಿಟ್ಟಿದೀರಾ ನನ್ ಬಗ್ಗೆ?" ಅಂದರು.

ಎಲ್ಲ ಸರಿಯಿತ್ತು. ಸಹಿ ಹಾಕಬೇಕಾದ ಜಾಗ ತೋರಿಸಿ ಇಂಕ್ ಪ್ಯಾಡ್ ಮುಂದಿಟ್ಟೆ, ಯಾಕೆಂದರೆ ಮೊದಲ ಪುಟದಲ್ಲಿ ಇದ್ದದ್ದು ಹೆಬ್ಬೆಟ್ಟು. ಅವರು ಪ್ಯಾಡನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು. "ಮಗಳು ಕಲಿಸವ್ಳೆ ಮೇಡಂ" ಅಂದು ನನ್ನ ಪೆನ್ನು ಕೇಳಿ ತಗೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.