ಯುದ್ಧಕ್ಕೂ ಒಂದು ಹಿಂಬರಹ ಕೊಡ್ರಿ

ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ 1962ರ ಯುದ್ಧದ ಕಡತ ಇಲ್ಲ. 1965ರದ್ದು ಇಲ್ಲ. 1971ರದ್ದೂ ಇಲ್ಲ. ಹಸಿರು ಕ್ರಾಂತಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದರ ಕಡತವೂ ಇಲ್ಲ. ಇದು ವಾಟ್ಸ್ಯಾಪ್ ಪಂಡಿತರ ಮಾತಲ್ಲ. 2022ರ ಡಿಸೆಂಬರ್‌ನಲ್ಲಿ ಪತ್ರಾಗಾರದ ಅಂದಿನ ಮಹಾನಿರ್ದೇಶಕರೇ ಸಭೆಯಲ್ಲಿ ಹೇಳಿದ್ದು. ಪೇಪರಿನಲ್ಲಿ ಬಂತು. ಓದಿದೆವು. ಆಮೇಲೆ ಅದೇ ಪೇಪರಿನಲ್ಲಿ ಗಿರ್ಮಿಟ್ ಹಾಕಿಸಿಕೊಂಡು ತಿಂದೆವು.

ಈಗ ಅದು ನೆನಪಾಗಲು ಕಾರಣ ನಮ್ಮ ಕಡೆಯ ಒಂದು ಕಚೇರಿ. ಯಾವ ಕಚೇರಿ ಅಂತ ಕೇಳಬೇಡಿ, ಮತ್ತೆ ಅಲ್ಲಿಗೇ ಹೋಗುವುದಿದೆ. ಹೊಲದ ಕೆಲಸಕ್ಕೆ ನಮ್ಮ ಅಜ್ಜನ ಹೆಸರಿನ 1964ರ ಉತಾರ, ಅಂದರೆ ಪಹಣಿ, ಬೇಕಂತೆ. ಅದು ಇರಬೇಕಾದದ್ದು ಅವರ ದಫ್ತರದಲ್ಲಿ. ಕೇಳುತ್ತಿರುವುದು ನನ್ನನ್ನು.

"ನನ್ನ ಹತ್ರ ಇಲ್ರೀ ಸರ. ನಿಮ್ಮಲ್ಲೇ ಇರಬೇಕಲ್ಲ?"

"ಅರ್ಜಿ ಹಾಕ್ರಿ, ಹುಡುಕ್ತೀವಿ. ಸಿಗಲಿಲ್ಲಂದ್ರ ಹಿಂಬರಹ ಕೊಡ್ತೀವಿ."

"ಅದರಾಗ ಏನಂತ ಇರ್ತದ್ರಿ?"

"ದಾಖಲೆ ಲಭ್ಯ ಇಲ್ಲ ಅಂತ ಇರ್ತದ."

"ಅದನ್ನ ತಂದು ಕೊಟ್ರ ಕೆಲಸ ಆಗ್ತದನ್ರಿ?"

"ಅದ್ಹ್ಯಾಂಗ ಆಗ್ತದ್ರಿ? ಕೆಲಸಕ್ಕ ದಾಖಲೆ ಬೇಕಲ್ಲ."

ಹಿಂಬರಹ ಅಂದರೆ ನನಗೆ ಮೊದಲಿನಿಂದಲೂ ಗೌರವ. ಅದಕ್ಕೆ ನಂಬರು ಇರುತ್ತದೆ, ತಾರೀಖು ಇರುತ್ತದೆ, ಸೀಲು, ಸಹಿ ಎಲ್ಲ ಇರುತ್ತದೆ. ಹೊಲದ ಕಾಗದ ಕಳೆಯಬಹುದು. ಅದು ಕಳೆದಿದೆ ಎಂದು ಬರೆದ ಕಾಗದದ ಕಚೇರಿ ಪ್ರತಿ ಮಾತ್ರ ಕಳೆಯುವುದಿಲ್ಲ. ಹೀಗೇ ನಡೆದರೆ ಇನ್ನು ನೂರು ವರ್ಷಕ್ಕೆ ನಮ್ಮ ದಫ್ತರಗಳಲ್ಲಿ ಉಳಿಯುವುದು ಹಿಂಬರಹಗಳೇ. ಈ ಜನರ ಹತ್ತಿರ ಏನೇನು ಇರಲಿಲ್ಲ ಅನ್ನುವುದರ ಮೇಲೆ ಯಾರೋ ಪುಣ್ಯಾತ್ಮ ಪಿಎಚ್.ಡಿ ಮಾಡುತ್ತಾನೆ.

ಆದ್ದರಿಂದ ರಕ್ಷಣಾ ಸಚಿವಾಲಯಕ್ಕೆ ನನ್ನದೊಂದು ವಿನಂತಿ. ಪತ್ರಾಗಾರಕ್ಕೆ ಕಡತ ಕಳಿಸಲು ಆಗದಿದ್ದರೆ ಬಿಡಿ. ನಮ್ಮ ಕ್ಲರ್ಕ್ ಸಾಹೇಬರನ್ನು ಡೆಪ್ಯುಟೇಶನ್ ಮೇಲೆ ಕರೆಸಿಕೊಳ್ಳಿ. ಅರ್ಧ ಗಂಟೆಯಲ್ಲಿ ಬರೆದು ಕೊಡುತ್ತಾರೆ: "ವಿಷಯಾನ್ವಯ, ಸದರಿ 1971ನೇ ಸಾಲಿನ ಯುದ್ಧದ ಕುರಿತು ದಫ್ತರದಲ್ಲಿ ಹುಡುಕಲಾಗಿ, ಸದರಿ ಯುದ್ಧವು ಕಂಡುಬಂದಿರುವುದಿಲ್ಲ." ಸೀಲು. ಸಹಿ. ಮುಗಿಯಿತು.

ಬೆಳಗಾವಿ ಸೈನಿಕರ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲೇ ಇದೆ. 71ರ ಯುದ್ಧಕ್ಕೆ ಹೋಗಿ ಬಂದ ಅಜ್ಜಂದಿರು ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಕಟ್ಟೆಯ ಮೇಲೆ ಕೂತು ಕೇಳಿದರೆ ಚಹಾ ಆರಿ ತಣ್ಣಗಾದರೂ ಅವರ ಮಾತು ಮುಗಿಯುವುದಿಲ್ಲ. ಪಿಂಚಣಿಗಾಗಿ ಅವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡಬೇಕು. ಹೆಬ್ಬೆರಳು ಸವೆದು ಮಷೀನಿಗೆ ಗೊತ್ತಾಗದಿದ್ದರೆ ಮತ್ತೊಮ್ಮೆ ಒತ್ತಬೇಕು. ಅವರು ಮಾಡಿದ ಯುದ್ಧ ಇದೆಯೋ ಇಲ್ಲವೋ ಅಂತ ಯಾರೂ ಸರ್ಟಿಫಿಕೇಟ್ ಕೊಡಬೇಕಿಲ್ಲ.

ಕಾನೂನು ಇಲ್ಲ ಅಂದುಕೊಳ್ಳಬೇಡಿ. ಕಾನೂನಿಗೆ ನಮ್ಮಲ್ಲಿ ಎಂದೂ ಕೊರತೆ ಇಲ್ಲ. 1993ರಲ್ಲೇ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದಿದೆ. ಕೇಂದ್ರದ ಪ್ರತಿ ಇಲಾಖೆಯಲ್ಲೂ ಕಡತ ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು. 25 ವರ್ಷ ದಾಟಿದ ಕಡತಗಳನ್ನು ಪರಿಶೀಲಿಸಬೇಕು, ಉಳಿಸಬೇಕಾದದ್ದನ್ನು ಪತ್ರಾಗಾರಕ್ಕೆ ಒಪ್ಪಿಸಬೇಕು. ಕಡತವನ್ನು ಬೇಕಾಬಿಟ್ಟಿ ನಾಶ ಮಾಡಿದರೆ, ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ದರೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರಿ, ನಾಶ ಮಾಡಲಿಲ್ಲ, ಹೊರಗೂ ಒಯ್ಯಲಿಲ್ಲ. ಸುಮ್ನೆ ಅದರ ಮೇಲೆ ಕೂತುಕೊಂಡರೆ? ಶಿಕ್ಷೆಯ ಕಲಮಿನಲ್ಲಿ ಅದು ಬರುವುದಿಲ್ಲ. ಹಾಗಾಗಿ ಎಲ್ಲರೂ ಕೂತಿದ್ದಾರೆ. ಆ ಮಹಾನಿರ್ದೇಶಕರೇ 2022ರಲ್ಲಿ ಕೊಟ್ಟ ಲೆಕ್ಕ ಕೇಳಿ. ಕೇಂದ್ರದಲ್ಲಿ 151 ಸಚಿವಾಲಯ ಮತ್ತು ಇಲಾಖೆಗಳಿವೆ. ಪತ್ರಾಗಾರದ ಹತ್ತಿರ ಇರುವುದು 64 ಸಂಸ್ಥೆಗಳ ದಾಖಲೆ. ಅದರಲ್ಲಿ ಸಚಿವಾಲಯ, ಇಲಾಖೆ ಅನ್ನಿಸಿಕೊಂಡವು 36 ಮಾತ್ರ.

ಕೆಲವು ಕಡತಗಳನ್ನು ಗುಟ್ಟಾಗಿ ಇಡಬೇಕಾಗುತ್ತದೆ, ಒಪ್ಪೋಣ. 1962ರ ಸೋಲಿನ ಬಗ್ಗೆ ಸೇನೆಯೇ ತನಿಖೆ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿ ಇದೆಯಲ್ಲ, ಅದು ಇವತ್ತಿಗೂ ಗುಟ್ಟು. ಎಂಥ ಗುಟ್ಟು ಅಂದರೆ, 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗವನ್ನು ಇಂಟರ್‌ನೆಟ್ಟಿಗೆ ಹಾಕಿದ. ಜಗತ್ತು ಓದಿತು. ಚೀನಾದವರೂ ಓದಿರಬೇಕು. ನಾವು ಇನ್ನೂ ಬೀಗ ಹಾಕಿಕೊಂಡು ಕೀಲಿಕೈ ಜೇಬಿನಲ್ಲಿದೆಯೇ ಅಂತ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೇವೆ.

ಇಲಿಗಳ ವಿಷಯಕ್ಕೆ ಬರೋಣ. ಕಡತದ ಮಾತು ಬಂದ ಮೇಲೆ ಇಲಿ ಬರದೆ ಹೋದರೆ ಅವಮಾನ. ನಮ್ಮ ಸರಕಾರಿ ಕಚೇರಿಗಳಲ್ಲಿ ರಜೆ ಹಾಕದೆ, ಭಾನುವಾರವೂ ಬಂದು ಹಳೆ ಕಡತ ಬಿಚ್ಚುವ ಸಿಬ್ಬಂದಿ ಅವೇ ಅಲ್ವಾ? ಮೊದಲು ಬರೀ ಕಾಗದ ತಿನ್ನುತ್ತಿದ್ದವು. 2022ರಲ್ಲಿ ಮಥುರಾದ ಪೊಲೀಸರು ಜಪ್ತು ಮಾಡಿದ 500 ಕಿಲೋಗೂ ಜಾಸ್ತಿ ಗಾಂಜಾವನ್ನು ಇಲಿಗಳು ತಿಂದವು ಅಂತ ಕೋರ್ಟಿಗೆ ಹೇಳಿದರು. ಕೋರ್ಟು ಅದಕ್ಕೆ ಸಾಕ್ಷಿ ಕೇಳಿತು. ಪಾಪ, ಇಲಿ ಎಲ್ಲಿಂದ ಸಾಕ್ಷಿ ತರಬೇಕು? ಅಷ್ಟು ಗಾಂಜಾ ತಿಂದ ಮೇಲೆ ಅದಕ್ಕೆ ನೆನಪಾದರೂ ಎಲ್ಲಿರುತ್ತದೆ? ನನಗೆ ಅನ್ನಿಸುವುದು ಇಷ್ಟೇ. ಅರ್ಧದಷ್ಟು ಪ್ರಕರಣಗಳಲ್ಲಿ ಇಲಿ ನಿರಪರಾಧಿ. ಅದಕ್ಕೆ ವಕೀಲರಿಲ್ಲ ಅಂತ ಎಲ್ಲವನ್ನೂ ಅದರ ಹೆಸರಿಗೆ ಬರೆದಿದ್ದೇವೆ.

ಪತ್ರಾಗಾರದವರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅವರ ಹತ್ತಿರ ಬಂದ ಕಾಗದಕ್ಕೆ ಒಳ್ಳೆಯ ಆರೈಕೆ ಇದೆ. 1891ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಸಂಸ್ಥೆ ಅದು, ಆಮೇಲೆ ದಿಲ್ಲಿಗೆ ಬಂತು. ಪುಡಿಯಾಗುವ ಹಳೆಯ ಹಾಳೆಯನ್ನು ತೆಳು ಕಾಗದ ಮತ್ತು ಅಸಿಟೇಟ್ ಹಾಳೆಯ ನಡುವೆ ಇಟ್ಟು, ಹತ್ತಿಯಿಂದ ಅಸಿಟೋನ್ ಸವರಿ ಗಟ್ಟಿ ಮಾಡುವ ಕೈಕೆಲಸವನ್ನು ಕಂಡುಹಿಡಿದದ್ದೇ ಅಲ್ಲಿನವರು. ಯಂತ್ರ ಬೇಡ, ಬಿಸಿ ಬೇಡ. ನಮ್ಮ ಕಡೆ ಇದಕ್ಕಿಂತ ಮುಂದುವರಿದ ಪದ್ಧತಿ ಇದೆ. ಝೆರಾಕ್ಸ್ ಅಂಗಡಿಗೆ ಹೋಗಿ ಅಜ್ಜನ ಖರೀದಿ ಪತ್ರವನ್ನು ಬಿಸಿ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿಕೊಂಡು ಬರುತ್ತೇವೆ. ಒಮ್ಮೆ ಅಂಟಿತೆಂದರೆ ಮತ್ತೆ ಬಿಚ್ಚಲು ಬರುವುದಿಲ್ಲ. ಕಚೇರಿಗೆ ಒಯ್ದರೆ "ಲ್ಯಾಮಿನೇಶನ್ ಮಾಡಿದ್ದು ನಡಿಯಂಗಿಲ್ರಿ" ಅನ್ನುತ್ತಾರೆ.

ಕಾಗದ ಕಾಪಾಡುವುದರಲ್ಲಿ ಇಂಗ್ಲಿಷರನ್ನು ಹೊಗಳಬೇಕಾಗಿ ಬಂದಿರುವುದು ನಮ್ಮ ಹಣೆಬರಹ. ವಿಜಯಪುರದ ಅಸಾರ್ ಮಹಲ್‌ನಲ್ಲಿ ಆದಿಲ್‌ಶಾಹಿ ಕಾಲದ ಹಸ್ತಪ್ರತಿಗಳ ಭಂಡಾರ ಇತ್ತು. ಅದರಲ್ಲಿ ಉಳಿದದ್ದನ್ನು ಅವರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿ ತಣ್ಣಗಿನ ಕೋಣೆಯಲ್ಲಿವೆ, ಪಟ್ಟಿಯೂ ಇದೆ. ಇಲ್ಲೇ ಇದ್ದಿದ್ದರೆ ನಮ್ಮ ಮೇ ತಿಂಗಳ ಬಿಸಿಲು, ಜುಲೈ ತಿಂಗಳ ಸೋರುವ ಛಾವಣಿ, ವರ್ಷಪೂರ್ತಿ ನಮ್ಮ ನಿಷ್ಕಾಳಜಿ ಎಲ್ಲವನ್ನೂ ಅವು ಅನುಭವಿಸಬಹುದಿತ್ತು. ಹಲಗಲಿಯಲ್ಲಿ 1857ರಲ್ಲಿ ಆಯುಧ ಕೊಡುವುದಿಲ್ಲ ಅಂತ ಎದ್ದು ನಿಂತ ಬೇಡರನ್ನು ಗಲ್ಲಿಗೆ ಹಾಕಿದವರೂ ಅವರೇ. ಆ ಬೇಡರ ಲಾವಣಿಯನ್ನು ಮುಂದೆ ಬರೆದುಕೊಂಡು ಅಚ್ಚು ಹಾಕಿಸಿದವನೂ ಅವರ ಪೈಕಿಯೇ ಒಬ್ಬ ಅಧಿಕಾರಿ, ಫ್ಲೀಟ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕದನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ, ಕಂಪನಿಗೆ ಮಾನ ಹೋಯಿತು. ಗುಮಾಸ್ತರು ಅದನ್ನೂ ಪತ್ರದಲ್ಲಿ ಬರೆದು ನಕಲು ತೆಗೆದಿಟ್ಟರು. ಅವರು ಸೋತದ್ದನ್ನೂ ಬರೆದಿಟ್ಟರು. ನಾವು ಗೆದ್ದದ್ದನ್ನೂ ಕಳಿಸಿಲ್ಲ.

ಬಾಗಲಕೋಟೆಯವರ ಪಾಡು ಇನ್ನೂ ಚೆಂದ. ಜಿಲ್ಲಾ ಕಚೇರಿ ಮೊದಲು ಕಲಾದಗಿಯಲ್ಲಿತ್ತು. 1885ರಲ್ಲಿ ವಿಜಾಪುರಕ್ಕೆ ಹೋಯಿತು. 1956ರವರೆಗೆ ಎಲ್ಲವೂ ಮುಂಬೈಗೆ ಸೇರಿದ್ದು. ಆಮೇಲೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ. ಅಷ್ಟರಲ್ಲಿ ಹಳೇ ಊರಿಗೆ ಆಲಮಟ್ಟಿಯ ಹಿನ್ನೀರು ಬರುವುದಿತ್ತು, ನವನಗರ ಏಳುತ್ತಿತ್ತು. ಒಂದೊಂದು ಸಲ ಗಂಟು ಕಟ್ಟಿದಾಗಲೂ ದಫ್ತರ ಒಂದಿಷ್ಟು ತೆಳ್ಳಗಾಯಿತು. ಈಗ ಮುತ್ತಜ್ಜನ ಕಾಲದ ಕಾಗದ ಬೇಕಾದರೆ ಮುಂಬೈ, ಪುಣೆ, ಧಾರವಾಡ, ವಿಜಯಪುರ ಅಂತ ದೇವರ ದರ್ಶನಕ್ಕೆ ಹೋದ ಹಾಗೆ ಹೋಗಬೇಕು. ಸಿಕ್ಕರೂ ಅದು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಅಕ್ಷರದಲ್ಲಿ ಇರುತ್ತದೆ. ಮೋಡಿ ಓದುವವರನ್ನು ಹುಡುಕಲು ಮತ್ತೊಂದು ಯಾತ್ರೆ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಊರೊಳಗೆ ಬಂದವು. ಜನ ಮಕ್ಕಳನ್ನು ಎತ್ತಿಕೊಂಡರು, ದನ ಬಿಚ್ಚಿದರು. ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡರು. ಅದರಲ್ಲಿ ಇದ್ದದ್ದು ಉತಾರ, ರೇಷನ್ ಕಾರ್ಡು, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು. ಎದೆಮಟ್ಟದ ನೀರಿನಲ್ಲಿ ಅದನ್ನು ಒದ್ದೆಯಾಗದ ಹಾಗೆ ದಾಟಿಸಿದರು. ಯಾಕೆಂದರೆ ಬಿದ್ದ ಮನೆಗೆ ಪರಿಹಾರ ಕೊಡಲು ಬರುವವನು ಮೊದಲು ಅದನ್ನೇ ಕೇಳುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಓದು ಬರದವರಿಗೂ ಗೊತ್ತಿತ್ತು. ದಿಲ್ಲಿಯ ಸಚಿವಾಲಯಗಳಿಗೆ ಯಾವ ನದಿಯೂ ನುಗ್ಗಿಲ್ಲ. ಒಂದು ಗಾಡಿಗೆ ಕಡತ ಹೇರಿ ಪತ್ರಾಗಾರ ಇರುವ ಅದೇ ಊರಿನ ಜನಪಥಕ್ಕೆ ಕಳಿಸಲು ಅವರಿಗೆ ಮೂವತ್ತು, ನಲವತ್ತು, ಐವತ್ತು ವರ್ಷ ಸಾಲುತ್ತಿಲ್ಲ. ಯಾರೂ ಕೇಳುವುದಿಲ್ಲ. ಯಾರ ಪಗಾರವೂ ನಿಲ್ಲುವುದಿಲ್ಲ. ಬೇಸರ ಬಂದುಬಿಟ್ಟಿದೆ ನಿಜವಾಗಿ.

ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿ ಎಂಬ ವಕೀಲರು ಊರೂರು ಅಲೆದು ವಚನದ ತಾಡೋಲೆ ಕೂಡಿಸಿದರು. ಅಚ್ಚು ಹಾಕಲು ಸ್ವಂತ ಮುದ್ರಣಾಲಯ ಬೇಕಾಯಿತು, ಮನೆ ಮಾರಿದರು. ಅವರಿಗೆ ಯಾವ ಕಾಯ್ದೆಯೂ ಇರಲಿಲ್ಲ, ಬಜೆಟ್ಟೂ ಇರಲಿಲ್ಲ. ಹಿಂಬರಹ ಕೊಟ್ಟು ಸುಮ್ನೆ ಇರಬಹುದಿತ್ತು.

ಈಗ ಎಲ್ಲದಕ್ಕೂ ಒಂದೇ ಉತ್ತರ: ಸ್ಕ್ಯಾನ್. ಕೇಂದ್ರದವರದ್ದು 'ಅಭಿಲೇಖ್ ಪಟಲ್' ಅಂತ 2015ರಿಂದ ಇದೆ. ಗೋಕಾಕದಲ್ಲಿ ಕೂತು ಕಂಪನಿ ಕಾಲದ ಪತ್ರ ಓದಬಹುದು, ಅದು ನಿಜಕ್ಕೂ ಒಳ್ಳೆಯದೇ. ರಾಜ್ಯದವರು 'ಭೂ ಸುರಕ್ಷಾ' ಅಂತ ತಹಶೀಲ್ದಾರ್ ಕಚೇರಿಗಳ ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಅದೂ ಒಳ್ಳೆಯದು. ನನ್ನದು ಒಂದೇ ಸಣ್ಣ ಸಂಶಯ. ಇಲ್ಲದ ಕಾಗದವನ್ನು ಹೇಗೆ ಸ್ಕ್ಯಾನ್ ಮಾಡುತ್ತಾರೆ? ಅರ್ಧ ಹರಿದ ಹಾಳೆ ಸ್ಕ್ಯಾನ್ ಆದರೆ ಅರ್ಧವೇ ಬರುತ್ತದೆ. ಆಮೇಲೆ "ಕಂಪ್ಯೂಟರ್‌ನ್ಯಾಗ ಇಷ್ಟ ಐತ್ರಿ" ಅನ್ನುತ್ತಾರೆ. ಕಂಪ್ಯೂಟರಿನ ಜೊತೆ ಜಗಳ ಆಡಲು ಬರುವುದಿಲ್ಲ. ಕ್ಲರ್ಕ್ ಜೊತೆ ಆಡಬಹುದಿತ್ತು.

ಜಾಗ ಇಲ್ಲ ಅನ್ನುವವರಿಗೆ ಕೊನೆಯದಾಗಿ ಒಂದು ಮಾತು. ಬೆಳಗಾವಿಯಲ್ಲಿ ಸುವರ್ಣ ಸೌಧ ಇದೆ. 2012ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದು. ವರ್ಷಕ್ಕೆ ಸುಮಾರು ಎರಡು ವಾರ ಅಧಿವೇಶನ, ಮಿಕ್ಕ ದಿನ ಬಹುಪಾಲು ಗಾಳಿ ಬೆಳಕು. 2022ರಲ್ಲಿ ಕೆಲಸದ ಹೆಣ್ಣುಮಗಳೊಬ್ಬರು ಅದರ ಮುಂದೆ ಶಾವಿಗೆ ಒಣಹಾಕಿದ ಫೋಟೋ ಓಡಾಡಿತು. ಘನತೆಗೆ ಧಕ್ಕೆ ಬಂತು ಅಂತ ಅವರನ್ನು ಕೆಲಸದಿಂದ ತೆಗೆದರು, ಜನ ಬೈದ ಮೇಲೆ ಮತ್ತೆ ಕರೆದರು. ಶಾವಿಗೆ ಒಣಗುವ ಜಾಗದಲ್ಲಿ ಕಾಗದಕ್ಕೆ ತೇವ ತಾಗುವುದಿಲ್ಲ ಅನ್ನುವುದನ್ನು ಆಕೆ ಪುಕ್ಕಟೆಯಾಗಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಗಂಟುಗಳನ್ನೆಲ್ಲ ಅಲ್ಲಿಗೆ ತನ್ನಿ. ಬೇಕಾದರೆ 1971ರದ್ದನ್ನೂ ಕಳಿಸಲಿ, ನಮ್ಮ ಅಜ್ಜಂದಿರೇ ಕಾವಲು ಕೂರುತ್ತಾರೆ. ಅಧಿವೇಶನ ಬಂದಾಗ ಎಲ್ಲಿಡೋದು ಅಂತ ಚಿಂತೆ ಬೇಡ. ಸದನದ ಕುರ್ಚಿಗಳ ಮೇಲೆ ಇಟ್ಟರಾಯಿತು, ಮಧ್ಯಾಹ್ನದ ಊಟ ಆದ ಮೇಲೆ ಹೇಗೂ ಅರ್ಧ ಖಾಲಿಯೇ ಇರುತ್ತವೆ.