ಕೈಗೆ ಕಲಿಸದ ಮೂಳೆಯ ಪಾಠ

ಈ ಸಲ ರಜೆಗೆ ಮಂಡ್ಯಕ್ಕೆ ಬಂದಿದ್ದಾಗ ನಡೆದ ಒಂದು ಸಣ್ಣ ಸಂಗತಿ, ನಾನು ಕೆಲಸ ಮಾಡುವ ಇಂಗ್ಲೆಂಡಿನ ಲಿವರ್‌ಪೂಲಿಗೆ ಮರಳಿದ ಮೇಲೂ ಮನಸ್ಸನ್ನು ಕೊರೆಯುತ್ತಿದೆ. ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ, ಅಂಗೈ ಊರಿ ಬಿದ್ದು, ಊದಿದ ಮಣಿಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಜಗಲಿಗೆ ಬಂದರು. ಮನೆಯಲ್ಲಿ ಮೂಳೆ ಶಸ್ತ್ರಚಿಕಿತ್ಸಕನಾದ ನಾನೂ ಇದ್ದೆ, ಎಂಬಿಬಿಎಸ್ ಕೊನೆಯ ವರ್ಷದಲ್ಲಿರುವ ನನ್ನ ಅಕ್ಕನ ಮಗನೂ ಇದ್ದ. ಅವನೇ ನೋಡಲಿ ಎಂದು ನಾನು ಹಿಂದೆ ಸರಿದೆ. ಅವನು ಅಜ್ಜಿಯ ಕೈಯನ್ನು ಮುಟ್ಟಲೇ ಇಲ್ಲ. "ಮಾವ, ಎಕ್ಸ್‌ರೇ ತೆಗೆಸ್ದೆ ಏನ್ ಹೇಳಕ್ಕಾಯ್ತದೆ?" ಎಂದು ನನ್ನ ಮುಖ ನೋಡಿದ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾತಿಗೆ ಮಾತು ಬಂದಾಗ, ಚರ್ಮ ಸೀಳಿ ಹೊರಬಂದ ಮುರಿತಗಳ ಗಸ್ಟಿಲೊ ವರ್ಗೀಕರಣವನ್ನು ಉಪವಿಭಾಗಗಳ ಸಮೇತ ಒಂದೇ ಉಸಿರಿಗೆ ಒಪ್ಪಿಸಿದ. ಅವನು ದಡ್ಡನಲ್ಲ, ತರಗತಿಯಲ್ಲಿ ಮೊದಲ ಸಾಲಿನ ಹುಡುಗ. ನನಗೆ ನೋವಾದದ್ದೂ ಅದಕ್ಕೇ.

ಆ ಜಗಲಿಯ ಮೇಲೆಯೇ ತಿಳಿಯಬಹುದಾದದ್ದು ಬಹಳವಿತ್ತು. ಪೆಟ್ಟಾಗದ ಮಣಿಕಟ್ಟಿನ ಎರಡು ಬದಿಯ ಮೂಳೆಯ ಮೊನೆಗಳನ್ನು ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿದು ನೋಡಿದರೆ, ಹೆಬ್ಬೆರಳ ಕಡೆಯ ಮೊನೆ ಕಿರುಬೆರಳ ಕಡೆಯದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮುಂದಿರುವುದು ಯಾರಿಗಾದರೂ ಗೊತ್ತಾಗುತ್ತದೆ. ಅಜ್ಜಿಯಂತೆ ಬಿದ್ದವರಲ್ಲಿ ಸಾಮಾನ್ಯವಾದ, ಮುಂಗೈ ಮೂಳೆ ಮಣಿಕಟ್ಟಿನ ಬಳಿ ಮುರಿಯುವ ಕಾಲಿಸ್ ಮುರಿತದಲ್ಲಿ ಆ ಮೊನೆ ಹಿಂದಕ್ಕೆ ಸರಿದು, ಎರಡೂ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಡಬ್ಲಿನ್ನಿನ ವೈದ್ಯ ಅಬ್ರಹಾಂ ಕಾಲಿಸ್ ಈ ಮುರಿತವನ್ನು ವಿವರಿಸಿದ್ದು 1814ರಲ್ಲಿ. ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಕಾಲಿಸ್‌ಗೆ ಇದ್ದದ್ದು ಕಣ್ಣು ಮತ್ತು ಕೈ ಮಾತ್ರ. ಬೆರಳುಗಳು ಬೆಚ್ಚಗಿವೆಯೇ, ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳುತ್ತದೆಯೇ, ತೋರುಬೆರಳ ತುದಿಗೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವುದಕ್ಕೂ ಯಾವ ಯಂತ್ರವೂ ಬೇಡ. ಎಲ್ಲಕ್ಕಿಂತ ಮೊದಲು, ಊತ ಏರುವ ಮುನ್ನ ಬಳೆಗಳನ್ನು ತೆಗೆಸಬೇಕು. ಒಡೆಯಲು ಒಪ್ಪದ ಅಜ್ಜಿಯ ಕೈಗೆ ಸೋಪಿನ ನೀರು ಹಚ್ಚಿ, ಒಂದೊಂದೇ ಬಳೆಯನ್ನು ನೋಯದಂತೆ ಜಾರಿಸಿ ತೆಗೆಯುವುದೂ ಮೂಳೆ ವೈದ್ಯದ ಪಾಠವೇ ಎಂದು ನಾನು ನಂಬುತ್ತೇನೆ.

ನಾನು ಕೆಲಸ ಮಾಡುವ ಕಡೆ ವಿದ್ಯಾರ್ಥಿಗಳು ನಾಲ್ಕೈದು ಜನರ ಗುಂಪಿನಲ್ಲಿ ಬರುತ್ತಾರೆ. ಅಂಗವನ್ನು ಪರೀಕ್ಷಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುವವರೆಗೆ ಕಂಪ್ಯೂಟರಿನಲ್ಲಿ ಎಕ್ಸ್‌ರೇ ತೆರೆಯುವಂತಿಲ್ಲ. ಮೊದಲು ನೋಡು, ಆಮೇಲೆ ಮುಟ್ಟು, ಆಮೇಲೆ ಆಡಿಸು ಎಂದು ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಕ ಅಲನ್ ಆಪ್ಲೆ ಕಲಿಸಿದ ಕ್ರಮ ಇದು; ನಮ್ಮ ಕಾಲೇಜುಗಳಲ್ಲಿಯೂ ಪ್ರತಿ ವಿದ್ಯಾರ್ಥಿಗೆ ಬಾಯಿಪಾಠವಾಗಿರುವ ಕ್ರಮವೇ. ಆದರೆ ಲಿವರ್‌ಪೂಲಿನಲ್ಲಿ ಪ್ರಾಧ್ಯಾಪಕರು ಮಂಚದ ಆ ಬದಿಗೆ ನಿಂತು, ತಾವು ಮುಟ್ಟದೆ, ವಿದ್ಯಾರ್ಥಿಯ ಬೆರಳು ಎಲ್ಲಿ ಹೋಗುತ್ತದೆ ಎಂಬುದನ್ನೇ ನೋಡುತ್ತಿರುತ್ತಾರೆ. ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದಾಗ ರೋಗಿ ಮುಖ ಕಿವುಚಿದರೆ, ಮೊದಲ ದಿನದ ಎಕ್ಸ್‌ರೇ ಚೆನ್ನಾಗಿಯೇ ಕಂಡರೂ ಮಣಿಕಟ್ಟಿನ ಸಣ್ಣ ಮೂಳೆಯಾದ ಸ್ಕ್ಯಾಫಾಯ್ಡ್ ಮುರಿದಿರಬಹುದೆಂದೇ ಭಾವಿಸಿ, ಕೈ ಅಲುಗದಂತೆ ಕಟ್ಟಿ, ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೆ ನೋಡಬೇಕಾಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಆ ಕುಳಿಯನ್ನು ತಡಕಾಡದೆ ಹುಡುಕಬಲ್ಲ ಬೆರಳು ಬೇರೆ.

ಪ್ಲಾಸ್ಟರ್ ಕೊಠಡಿಯಲ್ಲಿ ಕಲಿಸುವವರು ವೈದ್ಯರೂ ಅಲ್ಲ, ದಿನವಿಡೀ ಅದೇ ಕೆಲಸ ಮಾಡುವ ತಂತ್ರಜ್ಞರು. ವಿದ್ಯಾರ್ಥಿಗಳು ಜೋಡಿಯಾಗಿ ಕುಳಿತು ಒಬ್ಬರ ಕೈಗೆ ಇನ್ನೊಬ್ಬರು ಸ್ಲ್ಯಾಬ್, ಅಂದರೆ ಕೈಯ ಒಂದು ಬದಿಗಷ್ಟೇ ಕೂರಿಸುವ ಪ್ಲಾಸ್ಟರ್ ಪಟ್ಟಿ, ಹಾಕುತ್ತಾರೆ. ಪೆಟ್ಟಾಗದ ಕೈಯ ಮೇಲೆ ಅಳತೆ ಹಿಡಿಯಬೇಕು. ಪ್ಲಾಸ್ಟರ್ ಬಟ್ಟೆಯನ್ನು ಹತ್ತು ಪದರದಷ್ಟು ಮಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಬೇಕು. ಹತ್ತಿಯ ಸುತ್ತಿನ ಮೇಲೆ ಇಟ್ಟು ಅಂಗೈಯಿಂದ ಸವರಿ ಕೂರಿಸಬೇಕು. ಬೆರಳ ತುದಿಯಿಂದ ಒತ್ತಿದರೆ ಅಲ್ಲಿ ಕುಳಿ ಬಿದ್ದು, ಒಳಗಿನ ಚರ್ಮ ಹುಣ್ಣಾಗುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ನೀರು ಮೊದಲೇ ಬಿಸಿಯಿದ್ದು ಪದರಗಳೂ ಹೆಚ್ಚಾದರೆ ಚರ್ಮ ಸುಡುವುದೂ ಉಂಟು. ಗೆಳೆಯ ಹಾಕಿದ ಸ್ಲ್ಯಾಬು ಅಂಗೈಯ ಗೆರೆಯನ್ನು ದಾಟಿ, ತನ್ನ ಬೆರಳುಗಳು ಮಡಚದಂತಾದ ವಿದ್ಯಾರ್ಥಿನಿಯೊಬ್ಬಳು, ಅದು ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಮತ್ತೆ ಯಾರಿಂದಲೂ ಕೇಳಬೇಕಾಗಲಿಲ್ಲ. ಇನ್ನೊಂದು ದಿನ ಪ್ಲಾಸ್ಟಿಕ್ ಮೂಳೆಗಳಿಗೆ ಡ್ರಿಲ್ ಹಾಕಿಸುತ್ತಾರೆ. ಮೂಳೆಯ ಆಚೆಯ ಗೋಡೆ ದಾಟುವ ಕ್ಷಣದಲ್ಲಿ ತಡೆ ತಟ್ಟನೆ ಸಡಿಲವಾಗುತ್ತದೆ. ಕೈ ಅಲ್ಲಿಯೇ ನಿಲ್ಲದಿದ್ದರೆ ರಕ್ತನಾಳಕ್ಕೋ ನರಕ್ಕೋ ಪೆಟ್ಟು.

ನಮ್ಮ ಕಡೆಯ ವಾರ್ಡನ್ನು ನಾನು ಮರೆತಿಲ್ಲ. ಒಂದು ಮಂಚದ ಸುತ್ತ ಇಪ್ಪತ್ತೈದು ಮೂವತ್ತು ಹುಡುಗರು, ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಬೆನ್ನು. ಒಬ್ಬ ವಿದ್ಯಾರ್ಥಿ ಕೇಸ್ ಒಪ್ಪಿಸುತ್ತಾನೆ, ಸರ್ ನಡುವೆ ತಡೆದು ಪ್ರಶ್ನೆ ಹಾಕುತ್ತಾರೆ, ಉತ್ತರ ತಪ್ಪಿದರೆ ರೋಗಿಯ ಎದುರೇ ಗದರುತ್ತಾರೆ. ಪ್ಲಾಸ್ಟರ್ ಹಾಕುವುದು ಸ್ನಾತಕೋತ್ತರ ಓದುವ ಪಿಜಿಗಳ ಕೆಲಸ, ಹಿಡಿದುಕೊಳ್ಳುವುದು ಅಟೆಂಡರ್ ಕೆಲಸ, ದೂರದಿಂದ ನೋಡುವುದು ಎಂಬಿಬಿಎಸ್‌ನವರ ಕೆಲಸ. ಇಂದಿನ ಹುಡುಗರು ಆ ಹೊತ್ತಿನಲ್ಲಿಯೂ ಮೊಬೈಲಿನಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಪ್ರಶ್ನೆಗಳನ್ನು ಬಿಡಿಸುತ್ತಿರುತ್ತಾರೆ ಎಂದು ಅಕ್ಕನ ಮಗನೇ ಹೇಳಿದ. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಮುಂದಿನ ಸೀಟನ್ನು ಕೊಡುವುದು ಆ ಪ್ರಶ್ನೆಗಳೇ ಹೊರತು ಸರಿಯಾಗಿ ಕೂರಿಸಿದ ಸ್ಲ್ಯಾಬ್ ಅಲ್ಲ.

ಆದರೆ ಇದರ ಬೆಲೆ ತೆರುವವರು ಹಳ್ಳಿಯವರು. ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ ಮೂಳೆ ಮುರಿದವರು ನಾಟಿ ಕಟ್ಟಿಗೆ ಏಕೆ ಹೋಗುತ್ತಾರೆ ಎಂದು ನಮ್ಮ ವೈದ್ಯರು ಬೇಸರಪಟ್ಟುಕೊಳ್ಳುವುದನ್ನು ಕೇಳಿದ್ದೇನೆ. ಕಾರಣ ಹಲವಿರಬಹುದು, ನಾನು ಕಂಡ ಒಂದು ಕಾರಣವೆಂದರೆ, ನಾಟಿ ವೈದ್ಯ ಪೆಟ್ಟಾದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಟ್ಟಿ ನೋಡುತ್ತಾನೆ, ನಮ್ಮವರು ಚೀಟಿ ಬರೆಯುತ್ತಾರೆ. ಅವನು ಬಿದಿರ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ರಕ್ತ ಹರಿಯದೆ, ಮಕ್ಕಳ ಬೆರಳುಗಳು ಶಾಶ್ವತವಾಗಿ ಮಡಚಿಕೊಂಡದ್ದನ್ನೂ ನಾನು ನೋಡಿದ್ದೇನೆ. ಆ ಕಟ್ಟನ್ನು ಸಮರ್ಥಿಸುತ್ತಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನಲ್ಲಿದ್ದ ಮೂಳೆ ವೈದ್ಯ ಹ್ಯೂ ಓವನ್ ಥಾಮಸ್ ಕೂಡ ವೇಲ್ಸ್ ಸೀಮೆಯ ಅಂಥದೇ ಮೂಳೆ ಕಟ್ಟುವವರ ಮನೆತನದವನು. ಮನೆತನದ ಕೈಗೆ ವೈದ್ಯಕೀಯದ ಓದು ಸೇರಿದಾಗ ಹುಟ್ಟಿದ್ದು, ಮುರಿದ ಕಾಲನ್ನು ನೇರವಾಗಿ ಅಲುಗದಂತೆ ಹಿಡಿದಿಡುವ ಥಾಮಸ್ ಸ್ಪ್ಲಿಂಟ್ ಎಂಬ ಲೋಹದ ಚೌಕಟ್ಟು. ಅವನ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಮೊದಲ ಮಹಾಯುದ್ಧದಲ್ಲಿ ಬಳಕೆಗೆ ತಂದ ಮೇಲೆ, ತೊಡೆಮೂಳೆ ಮುರಿದ ಸೈನಿಕರಲ್ಲಿ ನೂರಕ್ಕೆ 80ರಷ್ಟಿದ್ದ ಸಾವು 20ರ ಆಸುಪಾಸಿಗೆ ಇಳಿಯಿತೆಂಬ ಲೆಕ್ಕವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಅಕ್ಕಪಕ್ಕದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಲಿರುವ ಹುಡುಗನಿಗೆ ಆ ಸ್ಪ್ಲಿಂಟ್ ಕಟ್ಟಲು ಬರಲೇಬೇಕು. ನನ್ನ ಅಕ್ಕನ ಮಗ ಅದನ್ನು ಕಂಡಿರುವುದು ಮೌಖಿಕ ಪರೀಕ್ಷೆಯಾದ ವೈವಾ ದಿನ ಮೇಜಿನ ಮೇಲೆ, ಗುರುತಿಸಿ ಹೆಸರು ಹೇಳುವುದಕ್ಕೆ.

ಇಷ್ಟು ಹೇಳಿದ ಮೇಲೆ, ಒಪ್ಪಿಕೊಳ್ಳಬೇಕಾದ ಮಾತುಗಳೂ ಇವೆ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಪ್ಲಾಸ್ಟರ್ ಹಾಕುವುದನ್ನೂ ಥಾಮಸ್ ಸ್ಪ್ಲಿಂಟ್ ಕಟ್ಟುವುದನ್ನೂ ಕೌಶಲಗಳ ಪಟ್ಟಿಯಲ್ಲಿ ಸೇರಿಸಿದೆ, ಸ್ಕಿಲ್ ಲ್ಯಾಬ್ ಇರಬೇಕೆಂದೂ ಹೇಳುತ್ತದೆ. 150 ಹುಡುಗರ ತರಗತಿಯನ್ನು, ಬೆಳಗಿನಿಂದ ತುಂಬಿ ತುಳುಕುವ ಓಪಿಡಿಯ ನಡುವೆ, ನಾಲ್ಕೈದರ ಗುಂಪು ಮಾಡಿ ಕಲಿಸಿ ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭವೆಂಬುದೂ ನಿಜ. ಲಿವರ್‌ಪೂಲಿನ ನನ್ನ ವಿದ್ಯಾರ್ಥಿಗಳು ಬೆನ್ನುಮೂಳೆಯ ಕ್ಷಯವನ್ನು ಚಿತ್ರದಲ್ಲಷ್ಟೇ ನೋಡಿದ್ದಾರೆ. ಕಬ್ಬಿನ ಗಾಣಕ್ಕೆ ಸಿಕ್ಕಿದ ಕೈ, ತೆಂಗಿನ ಮರದಿಂದ ಬಿದ್ದು ಮುರಿದ ಬೆನ್ನು, ತಿಂಗಳಾದ ಮೇಲೆ ಸೊಟ್ಟಗೆ ಕೂಡಿಕೊಂಡ ಮಗುವಿನ ಮೊಣಕೈ, ಇವೆಲ್ಲವನ್ನೂ ನಮ್ಮ ಹುಡುಗ ಒಂದೇ ಪೋಸ್ಟಿಂಗಿನಲ್ಲಿ ಕಾಣುತ್ತಾನೆ. ಲಿವರ್‌ಪೂಲಿನ ರೋಗಿಯೊಬ್ಬರು ವಿದ್ಯಾರ್ಥಿಗಳು ಬೇಡವೆಂದರೆ ಆ ವಿದ್ಯಾರ್ಥಿಗಳು ಪರದೆಯ ಹೊರಗೆ ನಿಲ್ಲಬೇಕು, ಅದು ಸರಿಯೂ ಹೌದು. ನಮ್ಮ ಕಡೆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ರೈತರೊಬ್ಬರು "ನೋಡ್ಕಳಿ ಮಗ, ನನ್ ಕಾಲ್ ನೋಡಿ ಕಲ್ತ್ಕಂಡ್ರೆ ಇನ್ನೊಬ್ರಿಗಾದ್ರೂ ಒಳ್ಳೇದಾಯ್ತದೆ" ಎಂದದ್ದು ನನ್ನ ಕಿವಿಯಲ್ಲಿದೆ. ಇಂಥ ಔದಾರ್ಯ ನನಗೆ ಲಿವರ್‌ಪೂಲಿನಲ್ಲಿ ಅಪರೂಪಕ್ಕೆ ಸಿಕ್ಕಿದೆ.

ಹಾಗಾಗಿ ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ, ವಿದೇಶದ ಪ್ಲಾಸ್ಟಿಕ್ ಮೂಳೆಗಳನ್ನೂ ಅಲ್ಲ. ಡ್ರಿಲ್ ಅಭ್ಯಾಸಕ್ಕೆ ಒಣಗಿದ ಬಿದಿರು ಮತ್ತು ಹಾರ್ಡ್‌ವೇರ್ ಅಂಗಡಿಯ ಯಂತ್ರ ಆರಂಭಕ್ಕೆ ಸಾಕು. ಮೂಳೆ ವಿಭಾಗದ ಪೋಸ್ಟಿಂಗಿನಲ್ಲಿ ವಾರಕ್ಕೊಂದು ಮಧ್ಯಾಹ್ನ, ಪ್ರತಿ ವಿದ್ಯಾರ್ಥಿಗೆ ಒಂದೆರಡು ರೋಲ್ ಪ್ಲಾಸ್ಟರ್ ಕೊಟ್ಟು, ವರ್ಷಗಟ್ಟಲೆ ಪ್ಲಾಸ್ಟರ್ ಕೊಠಡಿಯಲ್ಲಿ ಕೈ ಪಳಗಿಸಿಕೊಂಡ ಸಿಬ್ಬಂದಿಯ ಬಳಿ ಕಲಿಯಲು ಬಿಡಲಿ. ಆ ಸಿಬ್ಬಂದಿಯ ಹೆಸರನ್ನು ಬೋಧಕರ ಪಟ್ಟಿಯಲ್ಲಿ ಬರೆದು, ಅದಕ್ಕೆಂದೇ ಒಂದಿಷ್ಟು ಗೌರವಧನವನ್ನೂ ಕೊಡಲಿ.