ಹನ್ನೊಂದು ಚಹಾ

ಬೆಳಿಗ್ಗೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹೆಂಡತಿ ಕೇಳಿದಳು, "ಯಾರ ಜೋಡಿ ಜಗಳ ಮಾಡಿ ಬಂದ್ರಿ?" ಯಾರ ಜೋಡಿನೂ ಮಾಡಿಲ್ಲ. ಮಾಡಬೇಕಿತ್ತು, ಮಾಡಲಿಲ್ಲ. ಆ ಸಿಟ್ಟನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮ ಭಾನುವಾರದ ಬಳಗ ನಿಮಗೆ ಗೊತ್ತೇ ಇದೆ. ಬೀದರಿನ ಕೋಟೆ, ಗುಮ್ಮಟ, ಬಾವಿ ಅಂತ ವಾರಕ್ಕೊಂದು ಕಡೆ ಸುತ್ತುವುದು, ಗೊತ್ತಿದ್ದವರು ಗೊತ್ತಿದ್ದದ್ದು ಹೇಳುವುದು, ಚಹಾ ಕುಡಿದು ಚದುರುವುದು. ಫೋಟೊ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೇನೆ. ಇವತ್ತು ಬಹಮನಿ ಸುಲ್ತಾನರ ವಜೀರನಾಗಿದ್ದ ಮಹಮೂದ್ ಗವಾನನ ಮದರಸಾ. ಹಳಬರು ಹನ್ನೊಂದು ಜನ, ಹೊಸಬಳು ಒಬ್ಬಾಕೆ. ಹಾವೇರಿ ಕಡೆಯವರಂತೆ, ಇಲ್ಲಿ ಹೈಸ್ಕೂಲಿಗೆ ಟೀಚರ್ ಆಗಿ ಬಂದು ಎರಡು ತಿಂಗಳು.

ಆಕೆ ಕೇಳಿದ್ದು ಇಷ್ಟೇ: "ಮಿನಾರು ಎರಡು ಇದ್ವಂತಲ್ರಿ ಸರ್, ಇನ್ನೊಂದು ಎಲ್ಲಿ ಹೋತ್ರಿ?"

ನಮ್ಮ ಹಿರಿಯ ಕಾಕಾ ಒಬ್ಬರಿದ್ದಾರೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡರು. "ಬರೂ ಮೊದ್ಲ ಸ್ವಲ್ಪ ಓದ್ಕೊಂಡು ಬರ್ಬೇಕವ್ವಾ. ಇದೆಲ್ಲಾ ನಾವು ಹತ್ತು ಸಲ ಮಾತಾಡಿ ಮುಗಿಸೀವಿ."

ಹದಿನೇಳನೇ ಶತಮಾನದ ಕೊನೆಗೆ ಒಳಗಿದ್ದ ಮದ್ದು ಸಿಡಿದು ಒಂದು ಮಿನಾರೂ ಆ ಮೂಲೆಯ ಕೋಣೆಗಳೂ ಹೋದವು. ಉತ್ತರ ಇಷ್ಟೇ. ಬೈಯಲು ಹಿಡಿದ ಹೊತ್ತಿನ ಅರ್ಧವೂ ಬೇಕಾಗಿರಲಿಲ್ಲ. ಅದಾಗಿ ಹತ್ತು ನಿಮಿಷಕ್ಕೆ ನಮ್ಮವರೇ ಒಬ್ಬರು, ಐದು ವರ್ಷದಿಂದ ಬರುವವರು, ಗೋಡೆಯ ನೀಲಿ ಹಂಚು ನೋಡಿ "ಇದು ಯಾವ ದೇಶದ ಕೆಲಸ್ರೀ?" ಅಂದರು. ನಾಲ್ಕು ಜನ ಮುಗಿಬಿದ್ದು ಉತ್ತರ ಕೊಟ್ಟರು. ಪರ್ಷಿಯಾ ಅಂತ ಒಬ್ಬರು, ಸಮರ್ಕಂದದ ಹೋಲಿಕೆ ನೋಡ್ರಿ ಅಂತ ಇನ್ನೊಬ್ಬರು ಮೊಬೈಲ್ ತೆಗೆದು ತೋರಿಸಿದರು. ಓದ್ಕೊಂಡು ಬರ್ಬೇಕು ಅಂತ ಯಾರೂ ಅನ್ನಲಿಲ್ಲ. ಆ ಪುಣ್ಯಾತ್ಮ ಇದೇ ಪ್ರಶ್ನೆ ಹೋದ ವರ್ಷವೂ ಕೇಳಿದ್ದ!

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಕಾಕಾ ಮುಂದುವರಿದು, ಗವಾನನ ತಲೆ ತೆಗೆಸಿದವನು ಅಹಮದ್ ಶಾ ಅಂದುಬಿಟ್ಟರು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾ ಸತ್ತದ್ದು 1436ರಲ್ಲಿ. ಗವಾನ ಸತ್ತದ್ದು 1481ರಲ್ಲಿ. ಗೋರಿಯಿಂದೆದ್ದು ಬಂದು ಹುಕುಂ ಕೊಟ್ಟನೋ ಏನೋ. ನಮ್ಮಲ್ಲಿ ಐದಾರು ಮಂದಿಗಾದರೂ ಇದು ಗೊತ್ತು. ಒಬ್ಬರು ಆಕಾಶ ನೋಡಿದರು, ಒಬ್ಬರು ಬೂಟಿನ ಲೇಸು ಕಟ್ಟಿಕೊಂಡರು. ಟೀಚರ್ ಮಾತ್ರ ಮೆಲ್ಲಗೆ, "ಮೂರನೇ ಮುಹಮ್ಮದ್ ಶಾ ಅಲ್ಲೇನ್ರಿ ಸರ್?" ಅಂದರು.

"ಹೊಸದಾಗಿ ಬಂದವ್ರು ನಾಕು ವಾರ ಬರೇ ಕೇಳ್ಬೇಕು ನೋಡವ್ವಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಅಂತ ಮಧ್ಯಾಹ್ನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಡೆದದ್ದು ಎಲ್ಲಿ ಅಂತ ನೋಡಿ. ಗವಾನನೇ ಹೊರಗಿನವ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು, ಇಲ್ಲೇ ನಿಂತು, ವಜೀರನಾಗಿ, 1472ರಲ್ಲಿ ಈ ಮದರಸಾ ಕಟ್ಟಿಸಿದ. ಆ ಕಾಲದಲ್ಲಿ ದರಬಾರು ಎರಡು ಪಾಲು: ದಖನಿಗಳು, ಅಂದರೆ ಹಳಬರು, ಅಫಾಕಿಗಳು, ಅಂದರೆ ಹೊಸಬರು. ಹಳಬರ ಗುಂಪಿನವರು ಅವನ ಮೊಹರಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆದಂತೆ ಬರೆದು, ಕುಡಿದಿದ್ದ ಸುಲ್ತಾನನ ಕೈಗಿಟ್ಟರು. ಕಥೆ ಮುಗಿಯಿತು. ಆ ಹಳಬರಾದರೂ ಯಾರು? ಬಹಳಷ್ಟು ಮಂದಿ ತುಘಲಕನ ಕಾಲದಲ್ಲಿ ದೆಹಲಿಯಿಂದ ದೌಲತಾಬಾದಿಗೆ ಬಂದವರ ಮಕ್ಕಳು ಮರಿಮಕ್ಕಳು. ಮೊದಲು ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು, ಅಷ್ಟೇ. ಹೊಸಬರಿಗೆ ಆಗ 'ಗರೀಬ್' ಅಂತಲೂ ಅನ್ನುತ್ತಿದ್ದರು. ಬಡವ ಅಂತಲ್ಲ, ಪರದೇಶದವ ಅಂತ. ನಮ್ಮ ಭಾಷೆಯೂ ಕಮ್ಮಿ ಇಲ್ಲ ಬಿಡಿ. ನಮ್ಮ ಕಡೆ ಪರದೇಸಿ ಅಂದರೆ ದಿಕ್ಕಿಲ್ಲದವ.

ನಮ್ಮ ಬಳಗದ ಹಳಬರ ಪರವಾಗಿಯೂ ಒಂದು ಮಾತಿದೆ. ಯಾರೂ ಬಾರದ ಕಾಲದಲ್ಲಿ ಕೈಗೆ ಮುಳ್ಳು ಚುಚ್ಚಿಸಿಕೊಂಡು ಈ ಹಳೇ ಕಟ್ಟಡಗಳ ಸುತ್ತ ಬೆಳೆದ ಜಾಲಿ ಕಡಿದವರು ಇವರು. ಹೊಸಬರಲ್ಲಿ ಅರ್ಧಕ್ಕರ್ಧ ಸೆಲ್ಫಿ ತೆಗೆದುಕೊಂಡು ಮಾಯ. ಕೇಳಿದ್ದನ್ನೇ ಕೇಳಿದರೆ ಬೇಸರವೂ ಆಗುತ್ತದೆ. ಒಪ್ಪಿದೆ. ಆದರೆ ಜಾಲಿ ಕಡಿದ ಕೂಲಿಯನ್ನು ಟೀಚರಮ್ಮನ ಹತ್ತಿರ ವಸೂಲಿ ಮಾಡುವುದು ಯಾವ ಲೆಕ್ಕ?

ಈಗ ನನ್ನದೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಮೊಬೈಲ್ ಅಂಗಡಿಯಲ್ಲಿ ಕೆಲಸ, ಅಜ್ಜ ಬಿದರಿ ಕೆಲಸದವರು. "ಸರ್, ಬಿದರಿ ಬಗ್ಗೆ ಒಂದ್ ಹತ್ತು ನಿಮಿಷ ನಾ ಹೇಳ್ಲ್ಯಾ?" ಅಂದ. ಅವತ್ತು ನಾನೇ ಕಾಕಾ. "ಮುಂದಿನ ಸಲ ನೋಡೋಣಪ್ಪ" ಅಂದೆ. ಮುಂದಿನ ಸಲ ನಿವೃತ್ತ ಸಾಹೇಬರೊಬ್ಬರು ಮೊಬೈಲ್ ನೋಡಿಕೊಂಡು ಮುಕ್ಕಾಲು ಗಂಟೆ ಬಿದರಿ ಓದಿದರು. ಸತುವಿಗೆ ತಾಮ್ರ ಬೆರೆಸುವುದು, ಬೆಳ್ಳಿ ತಂತಿ ಕೂರಿಸುವುದು, ಕೋಟೆಯ ಮಣ್ಣಿಗೆ ನವಸಾಗರ ಹಾಕಿ ಕುದಿಸಿದ ನೀರಲ್ಲಿ ಕಪ್ಪು ಮಾಡುವುದು, ಎಲ್ಲ ಬಂತು. ಆ ಹುಡುಗನ ಅಜ್ಜ ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಿದ್ದರಂತೆ. ಅದು ಮಾತ್ರ ಬರಲಿಲ್ಲ. ಹುಡುಗನೂ ಬರಲಿಲ್ಲ. ಈಗಲೂ ಬಸ್ ಸ್ಟ್ಯಾಂಡ್ ಹತ್ತಿರ ಸಿಗುತ್ತಾನೆ, ನಮಸ್ಕಾರ ಮಾಡುವುದಿಲ್ಲ.

ಬೆಂಗಳೂರಿಗೆ ಹೋದಾಗ "ಬೀದರಾ? ಅದು ಮಹಾರಾಷ್ಟ್ರ ಅಲ್ವಾ?" ಅನ್ನಿಸಿಕೊಂಡು ಉರಿದುಬಂದವರು ನಾವೆಲ್ಲ. ಆ ಉರಿಯ ಮೇಲೆ ನಾನೇ ಇಲ್ಲಿ ಎಷ್ಟು ಪೋಸ್ಟ್ ಹಾಕಿದ್ದೇನೆ! ಹಾವೇರಿಯಿಂದ ಬಂದವಳಿಗೆ ನಾವು ಮಾಡಿದ್ದೇನು?

ಮದರಸಾದಿಂದ ಹೊರಬಿದ್ದು ಎಂದಿನ ಅಂಗಡಿ. ಎಂದಿನಂತೆ ಕಾಕಾ ಕೈಯೆತ್ತಿ "ಹನ್ನೊಂದು" ಅಂದರು. ಹನ್ನೊಂದು ಬಂತು. ಅದು ಬೇಕಂತ ಮಾಡಿದ್ದಲ್ಲ ಅಂತ ನನಗೆ ಗೊತ್ತು. ಅದಕ್ಕೇ ಹೆಚ್ಚು ಕಸಿವಿಸಿ. ಆಕೆ ವ್ಯಾನಿಟಿ ಬ್ಯಾಗಿನಲ್ಲಿ ಏನೋ ಹುಡುಕುತ್ತ ನಿಂತರು. ನನ್ನ ಕೈಯಲ್ಲಿ ಗ್ಲಾಸು ಸುಡುತ್ತಿತ್ತು. ಕುಡಿದೆ.

ಮುಂದಿನ ವಾರ ಬೀದರಿನ ಪಕ್ಕದ ಅಷ್ಟೂರು. ಅದೇ ಅಹಮದ್ ಶಾನ ಗುಮ್ಮಟ. ವಲಿ, ಅಂದರೆ ಸಂತ, ಅಂತ ಮುಸ್ಲಿಮರು, ಅಲ್ಲಮಪ್ರಭು ಅಂತ ಹಿಂದೂಗಳು ನಡೆದುಕೊಳ್ಳುವ ಜಾಗ. ಆಕೆಗೆ ಏಳು ಗಂಟೆ ಅಂತ ಹೇಳಿ ಕಳಿಸಿದ್ದಾರೆ. ಈಗ ನೋಡಿದರೆ ಬಿಸಿಲಿನ ದೆಸೆಯಿಂದ ಆರಕ್ಕೆ ಬದಲಾಗಿದೆ ಅಂತ ನಮ್ಮ ನಮ್ಮಲ್ಲೇ ಮೆಸೇಜು. ಟೀಚರ್‌ಗೆ ಹೇಳಿದ್ರ್ಯಾ ಅಂತ ಕೇಳಿದೆ. ನಂಬರು ಯಾರ ಹತ್ತಿರವೂ ಇಲ್ಲ. ಹೆಸರೂ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಆರಕ್ಕೆ ನೀವೆಲ್ಲ ಹೋಗ್ರಿ. ನಾ ಏಳಕ್ಕೇ ಬರ್ತೀನಿ, ಗುಮ್ಮಟದ ಬಾಗಿಲ ಮುಂದ ನಿಂತಿರ್ತೀನಿ.